ಬಾಲರಾಜನ ಬೋರರ್ ಫೈಲು

ಬೆಳಗ್ಗೆ ಆರೂವರೆಯ ಹೊತ್ತಿಗೆ ಬಾಲರಾಜ್ ಮಗಳ ಎಡಗಡೆಯ ಜಡೆಯನ್ನು ಮುಗಿಸಿ ಬಲಗಡೆಯದಕ್ಕೆ ಕೈ ಹಾಕಿದ್ದ. ಎಡಗಡೆಯದು ಕಿವಿಯಿಂದ ಎರಡು ಬೆರಳು ಮೇಲೆ ಶುರುವಾಗಿತ್ತು. ಬಲಗಡೆಯದು ಎಲ್ಲಿಂದ ಶುರುವಾದರೆ ಎರಡೂ ಒಂದೇ ಸಮ ಕಾಣುತ್ತವೆ ಎಂಬುದನ್ನು ಅವನು ಒಂದು ಕಣ್ಣು ಮುಚ್ಚಿ, ಬಾಚಣಿಗೆಯನ್ನು ಅಡ್ಡ ಹಿಡಿದು, ಎಸ್ಟೇಟಿನಲ್ಲಿ ಹೊಸ ಗಿಡಗಳಿಗೆ ಗೂಟ ಹೊಡೆಸುವಾಗಿನ ಗಾಂಭೀರ್ಯದಿಂದ ಅಳೆಯುತ್ತಿದ್ದ. ಒಲೆಯ ಮೇಲೆ ಅಕ್ಕಿರೊಟ್ಟಿಯೊಂದು ಹೊತ್ತುತ್ತಿತ್ತು. ರಿಬ್ಬನ್ನು ಅವನ ಹಲ್ಲುಗಳ ನಡುವೆ ಇತ್ತು. ಒಂಬತ್ತು ವರ್ಷದ ರೂಪಶ್ರೀ ಕತ್ತು ಅಲ್ಲಾಡಿಸದೆ, ಇದೆಲ್ಲ ಎಂದಾದರೂ ಮುಗಿಯುತ್ತದೆ ಎಂಬ ನಂಬಿಕೆಯಲ್ಲಿ ಕೂತಿದ್ದಳು.

ಆಗ ಪಕ್ಕದ ಮನೆಯ ಸಾವಿತ್ರಮ್ಮನವರು ಬಾಗಿಲು ತಟ್ಟದೆ ಒಳಗೆ ಬಂದರು.

ಸಾವಿತ್ರಮ್ಮನವರು ಎಂದೂ ಬಾಗಿಲು ತಟ್ಟಿದವರಲ್ಲ. ಸ್ನಾನ, ಪೂಜೆ ಮುಗಿಸಿ, ಹಣೆಯ ಕುಂಕುಮ ಆರುವ ಮೊದಲೇ ಬಾಲರಾಜನ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಅರ್ಧ ಗಂಟೆ ಇಸ್ಪೀಟು ಆಡುವುದು ಅವರ ದಿನಚರಿ. ನಿಜವಾದ ಇಸ್ಪೀಟು ಮುಟ್ಟಿದ ಒಡಹುಟ್ಟಿದ ತಮ್ಮನ ಜೊತೆ ಅವರು ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆದರೆ ಕಂಪ್ಯೂಟರಿನದು ಆಟವಲ್ಲ, ಕಣ್ಣಿನ ವ್ಯಾಯಾಮ ಎಂಬುದು ಅವರ ಅಭಿಪ್ರಾಯ. ಅದನ್ನು ಪ್ರಶ್ನಿಸುವ ಧೈರ್ಯ ಮೂಡಿಗೆರೆಯ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಅಂದು ಅವರು ಇಸ್ಪೀಟು ಹುಡುಕುತ್ತ ಎಲ್ಲೆಲ್ಲೋ ಒತ್ತಿದರು. ಆಮೇಲೆ ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು ಕೇಳಿದರು.

"ಬಾಲರಾಜೂ, ಇದ್ರಲ್ಲಿ 'ಅರುಣಾಗೆ' ಅಂತ ಒಂದಿದೆಯಲ್ಲ, ಏನೋ ಅದು? ತೆಗೀಲಾ?"

ಬಾಲರಾಜನ ಬಾಯಿಂದ ರಿಬ್ಬನ್ನು ಬಿತ್ತು. ಅವನು ಮೂರು ಹೆಜ್ಜೆಯಲ್ಲಿ ಕೋಣೆ ದಾಟಿ ಗೋಡೆಯ ಸ್ವಿಚ್ಚು ಆರಿಸಿದ. ಪರದೆ ಕಪ್ಪಾಯಿತು.

"ಕರೆಂಟ್ ಹೋಯ್ತು," ಎಂದ.

ಅವನ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಸಾವಿತ್ರಮ್ಮನವರು ಬಲ್ಬನ್ನು ನೋಡಿದರು, ಬಾಲರಾಜನನ್ನು ನೋಡಿದರು, ಮತ್ತೆ ಬಲ್ಬನ್ನು ನೋಡಿದರು. ನಂತರ ಎದ್ದು, ಒಲೆಯ ಮೇಲಿನ ರೊಟ್ಟಿಯನ್ನು ಇಳಿಸಿಟ್ಟು ಹೋದರು.

ಇಷ್ಟಕ್ಕೂ ಆ ಕಂಪ್ಯೂಟರು ಬಾಲರಾಜನದು ಎನ್ನುವುದು ಹೆಸರಿಗೆ ಮಾತ್ರ. ಅವನು ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿನ ಆಫೀಸಿಗೆ ಹೊಸದು ಬಂದಾಗ ಸಾಹುಕಾರರು ಹಳೆಯದನ್ನು ಅವನಿಗೆ ಕೊಟ್ಟಿದ್ದರು. ಅವನು ದಿನವೂ ಏಳು ಗಂಟೆಯ ಜೀಪಿಗೆ ಎಸ್ಟೇಟಿಗೆ ಹೋಗುವಾಗ, ಮಗಳು ಶಾಲೆಯಿಂದ ಬಂದರೆ ಇರಲಿ ಎಂದು, ಮನೆಯ ಬೀಗದ ಕೈಯನ್ನು ಸಾವಿತ್ರಮ್ಮನವರಿಗೆ ಕೊಡುತ್ತಿದ್ದ. ಕೈ ಅಲ್ಲಿದ್ದ ಮೇಲೆ ಮನೆಯೂ ಅಲ್ಲಿಯದೇ, ಕಂಪ್ಯೂಟರೂ ಅಲ್ಲಿಯದೇ. ಎದುರು ಮನೆಯ ನಿವೃತ್ತ ಮೇಸ್ತ್ರಿ ಭೂತಯ್ಯನವರು ಅದರಲ್ಲಿ ಮೋರಿಯ ವಿಷಯವಾಗಿ ಪುರಸಭೆಗೆ ಒಂದು ಅರ್ಜಿ ಬರೆಯುತ್ತಿದ್ದರು. ಅದು ಎಂಟು ತಿಂಗಳಿಂದ ಬೆಳೆಯುತ್ತಿತ್ತು. ಹಾದಿಯಲ್ಲಿ ಹೋಗುವವರು ಬಂದು ಕೂತು ತಮ್ಮ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹೊಡೆದು ನೋಡಿ ಸಂತೋಷಪಟ್ಟು ಹೋಗುತ್ತಿದ್ದರು.

ಇದಕ್ಕೆ ಬದಲಾಗಿ ಬಾಲರಾಜ್ ಸಾವಿತ್ರಮ್ಮನವರ ಮನೆಯ ಫೋನನ್ನು ತನ್ನದೆಂದೇ ತಿಳಿದಿದ್ದ. ಅವನ ಹೆಂಡತಿ ಅರುಣಾ ಕಳಸದ ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಗೆ ವರ್ಗವಾಗಿ ಒಂದೂವರೆ ವರ್ಷವಾಗಿತ್ತು. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅವಳ ಫೋನು ಬರುತ್ತಿದ್ದದ್ದು ಆ ಮನೆಗೆ. ಫೋನು ಇದ್ದದ್ದು ಹಾಲಿನ ನಟ್ಟನಡುವೆ. ಬಾಲರಾಜ್ ರಿಸೀವರ್ ಎತ್ತಿದ ಕೂಡಲೇ ಸಾವಿತ್ರಮ್ಮನವರು ಟಿವಿಯ ದನಿ ಸಣ್ಣದು ಮಾಡುತ್ತಿದ್ದರು, ಅವರ ಯಜಮಾನರು ಪೇಪರನ್ನು ಮೊಣಕಾಲಿಗೆ ಇಳಿಸುತ್ತಿದ್ದರು, ಅಡುಗೆಮನೆಯಲ್ಲಿ ರುಬ್ಬುವ ಸದ್ದು ನಿಲ್ಲುತ್ತಿತ್ತು. ಇಷ್ಟು ಜನ ಅಕ್ಕರೆಯಿಂದ ಕಿವಿಗೊಟ್ಟು ಕೂತಾಗ ಒಬ್ಬ ಗಂಡಸು ಹೆಂಡತಿಗೆ ಹೇಳಬಹುದಾದ ಮಾತು ಒಂದೇ. ಅದನ್ನು ಅವನು ಒಂದೂವರೆ ವರ್ಷದಿಂದ ಹೇಳುತ್ತ ಬಂದಿದ್ದ: ಎಲ್ಲಾ ಚೆನ್ನಾಗಿದೆ.

ಮೊದಲು ಅರುಣಾ ಪ್ರತಿ ಎರಡನೇ ಶನಿವಾರ ಸಂಜೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುತ್ತಿದ್ದಳು. ಜನವರಿಯಲ್ಲಿ ಹಾಗೆ ಬಂದಿದ್ದಾಗ ಭೂತಯ್ಯನವರು ಜಗಲಿಯಲ್ಲಿ ಕಾಫಿ ಕುಡಿಯುತ್ತ, ಹೆಂಡತಿ ಇಲ್ಲದೆ ಹೇಗೆ ಸಂಭಾಳಿಸ್ತೀಯ ಎಂದು ಕೇಳಿದರು. ಬಾಲರಾಜನಿಗೆ ಎಲ್ಲಿಲ್ಲದ ಠೀವಿ ಬಂತು.

"ಮನೆ ಗಡಿಯಾರದ ಥರ ನಡೀತಿದೆ ಭೂತಯ್ಯಣ್ಣ. ನಿಜ ಹೇಳ್ಬೇಕು ಅಂದ್ರೆ, ಅರುಣಾ ಬಂದ ದಿನಾನೇ ಸ್ವಲ್ಪ ಏರುಪೇರು."

ಒಳಗೆ ಪಾತ್ರೆಗಳ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಬಾಲರಾಜ್ ಅದನ್ನು ಗಮನಿಸಲಿಲ್ಲ. ಫೆಬ್ರವರಿಯ ಎರಡನೇ ಶನಿವಾರ ಅರುಣಾಳಿಗೆ ಡ್ಯೂಟಿ ಬಿತ್ತು. ಮಾರ್ಚಿನದಕ್ಕೂ ಡ್ಯೂಟಿ ಬಿತ್ತು. ಆಗ ಗಮನಿಸಿದ.

ಅದರ ಮರುದಿನದ ಫೋನಿನಲ್ಲಿ ಅವಳು ಒಂದು ಕಾಗದದ ವಿಷಯ ಹೇಳಿದಳು. ಮೂಡಿಗೆರೆಗೆ ವಾಪಸ್ ವರ್ಗ ಬೇಕೆನ್ನುವವರು ಹಾಗೆಂದು ಬರೆದುಕೊಡಬೇಕು. ಕಳಸದಲ್ಲೇ ಇನ್ನು ಮೂರು ವರ್ಷ ಇರುತ್ತೇನೆನ್ನುವವರು ಹಾಗೆಂದು ಬರೆದುಕೊಡಬೇಕು. ತಿಂಗಳ ಮೂವತ್ತೊಂದಕ್ಕೆ ಕಾಗದ ಮೇಲಿನ ಆಫೀಸಿಗೆ ಹೋಗುತ್ತದೆ. "ಏನಂತ ಬರೀಲಿ?" ಎಂದು ಕೇಳಿದಳು.

ಬಾಲರಾಜ್ ಬಾಯಿ ತೆಗೆದ. ಸಾವಿತ್ರಮ್ಮನವರು ಟಿವಿಯ ದನಿಯನ್ನು ಇನ್ನಷ್ಟು ಸಣ್ಣದು ಮಾಡಿದರು.

"ನಿನ್ನಿಷ್ಟ," ಎಂದ ಬಾಲರಾಜ್. "ಇಲ್ಲಿ ಎಲ್ಲಾ ಚೆನ್ನಾಗಿದೆ."

ಪಕ್ಕದಲ್ಲಿ ನಿಂತಿದ್ದ ರೂಪಶ್ರೀ ಫೋನಿನ ಸುರುಳಿ ವೈರಿನೊಳಗೆ ಬೆರಳು ತೂರಿಸಿ ತೆಗೆಯುತ್ತಿದ್ದಳು. ಅವಳಿಗೆ ರಿಸೀವರ್ ಕೊಟ್ಟಾಗ ಗಣಿತದಲ್ಲಿ ಹದಿನೆಂಟು ಬಂತು ಎಂದಷ್ಟೇ ಹೇಳಿದಳು.

ಆ ಸಂಜೆಯಿಂದ, ಮಗಳು ಮಗ್ಗಿ ಬರೆಯುವ ಹೊತ್ತಿನಲ್ಲಿ, ಬಾಲರಾಜ್ ಕಂಪ್ಯೂಟರಿನಲ್ಲಿ ಹೆಂಡತಿಗೆ ಪತ್ರ ಬರೆಯತೊಡಗಿದ. ಪೆನ್ನಿನಲ್ಲಿ ಬರೆದು ನೋಡಿರಲಿಲ್ಲವೆಂದಲ್ಲ. ಆದರೆ ಹದಿನಾರು ವರ್ಷ ಎಸ್ಟೇಟ್ ರೈಟರಾಗಿದ್ದವನ ಪೆನ್ನು ಕಾಗದ ಮುಟ್ಟಿದ ತಕ್ಷಣ 'ತಮ್ಮ ಗಮನಕ್ಕೆ ತರಬಯಸುವುದೇನೆಂದರೆ' ಎಂದು ಹೊರಡುತ್ತಿತ್ತು. ಹೆಂಡತಿಯ ಗಮನಕ್ಕೆ ತರಬೇಕಾದದ್ದು ಆ ದಾರಿಯಲ್ಲಿ ಬರುವಂಥದಲ್ಲ. ಕಂಪ್ಯೂಟರಿನಲ್ಲಾದರೆ ಬರೆದದ್ದನ್ನು ಅಳಿಸಬಹುದು. ಅಳಿಸಬಹುದೆಂಬ ಧೈರ್ಯದ ಮೇಲೆ ನಿಜ ಬರೆಯಬಹುದು. ಅವನು ನಿಜ ಬರೆದ, ಅಳಿಸಲಿಲ್ಲ, ಕಳಿಸಲೂ ಇಲ್ಲ. ಕಳಿಸಬೇಕಾದರೆ ಫ್ಲಾಪಿಯಲ್ಲಿ ಹಾಕಿಕೊಂಡು ಜಾಬ್ ಟೈಪಿಂಗ್ ಅಂಗಡಿಗೆ ಹೋಗಿ ಪ್ರಿಂಟು ತೆಗೆಸಬೇಕಿತ್ತು. ಅಲ್ಲಿನ ಹುಡುಗಿ ಓದುತ್ತಾಳಲ್ಲ ಎಂದು ಅವನಿಗೆ ನಾಚಿಕೆ. ಒಬ್ಬ ಹುಡುಗಿ ಓದುವುದನ್ನು ತಪ್ಪಿಸಲು ಅವನು ಪಟ್ಟ ಪಾಡು ಮುಂದೆ ಏನಾಯಿತೆಂಬುದನ್ನು ನೆನೆದರೆ, ಅವಳೊಬ್ಬಳು ಓದಿದ್ದರೇ ವಾಸಿಯಿತ್ತು ಎನಿಸುತ್ತದೆ.

ಸರಿ, ಬಲ್ಬು ಉರಿಯುತ್ತಿರುವಾಗ ಕರೆಂಟು ಹೋದ ದಿನಕ್ಕೆ ಮರಳೋಣ. ಅಂದು ಬಾಲರಾಜ್ ಎಸ್ಟೇಟಿಗೆ ಹೋದವನೇ, ಆಫೀಸಿನ ಹೊಸ ಕಂಪ್ಯೂಟರನ್ನು ನೋಡಿಕೊಳ್ಳಲು ಚಿಕ್ಕಮಗಳೂರಿನಿಂದ ಬರುತ್ತಿದ್ದ ರಾಜೇಶನನ್ನು ಹಿಡಿದ. ಬೇರೆಯವರು ನಮ್ಮ ಕಂಪ್ಯೂಟರ್ ಬಳಸುವಾಗ ನಮ್ಮದನ್ನು ನೋಡದ ಹಾಗೆ ಮಾಡುವುದು ಹೇಗೆ ಎಂದು ಕೇಳಿದ. ಏನನ್ನು ಎಂದು ರಾಜೇಶ ಕೇಳಲಿಲ್ಲ. ಅವನು ಕಸುಬಿನ ಮರ್ಯಾದೆ ಬಲ್ಲ ಹುಡುಗ. ಪಾಸ್‌ವರ್ಡ್ ಹಾಕುವುದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಸಂಜೆ ಬಾಲರಾಜ್ ಚೀಟಿಯ ಪ್ರಕಾರ ಎಲ್ಲ ಮಾಡಿ, ಚೀಟಿಯನ್ನು ಒಲೆಗೆ ಹಾಕಿ, ಆ ಫೋನು ಬಂದಾಗಿನಿಂದ ಮೊದಲ ಬಾರಿಗೆ ನಿಶ್ಚಿಂತೆಯಿಂದ ಊಟ ಮಾಡಿದ.

ಮರುದಿನ ಬೆಳಗ್ಗೆ ಸಾವಿತ್ರಮ್ಮನವರು ಬಂದು ಕೂತರೆ ಪರದೆಯ ಮೇಲೆ ಇಸ್ಪೀಟಿಲ್ಲ. ಒಂದು ಪೆಟ್ಟಿಗೆ ಬಂದು, ನೀವು ಯಾರು, ಗುಟ್ಟಿನ ಪದ ಏನು ಎಂದು ಕೇಳುತ್ತಿದೆ. ಆ ಬೀದಿಗೆ ಸೊಸೆಯಾಗಿ ಬಂದು ಮೂವತ್ತೇಳು ವರ್ಷವಾದ ಸಾವಿತ್ರಮ್ಮನವರನ್ನು ನೀವು ಯಾರು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಅವರು ಎದ್ದರು. ಬಾಗಿಲ ಹತ್ತಿರ ನಿಂತು ತಿರುಗಿದರು.

"ತೊಂದ್ರೆ ಕೊಟ್ಟೆ ಅಂತ ಕಾಣುತ್ತೆ. ತಪ್ಪು ತಿಳ್ಕೋಬೇಡಿ ಬಾಲರಾಜ್ ಅವರೇ."

ಬಾಲರಾಜ್ ಬಾಚಣಿಗೆ ಹಿಡಿದುಕೊಂಡೇ ಬಾಗಿಲವರೆಗೆ ಓಡಿದ. ಅವನ ಮದುವೆಗೆ ತಾವೇ ಕೈಯಾರೆ ಚಪ್ಪರಕ್ಕೆ ಹೂ ಕಟ್ಟಿ, ಅವನ ಹೆಂಡತಿಯ ಬಾಣಂತನದಲ್ಲಿ ಮಗುವಿಗೆ ನೀರು ಹಾಕಿ, ನಿನ್ನೆಯವರೆಗೆ ಬಾರೋ ಹೋಗೋ ಎನ್ನುತ್ತಿದ್ದವರು ಅವನನ್ನು 'ಅವರೇ' ಎಂದಿದ್ದರು. ಬೈದಿದ್ದರೆ ಸಂಜೆಗೆ ಸರಿಹೋಗುತ್ತಿತ್ತು. ಮರ್ಯಾದೆ ಕೊಟ್ಟಿದ್ದರಿಂದ ಅದು ಎಷ್ಟು ದಿನ ನಡೆಯುತ್ತದೆಂದು ಹೇಳುವಂತಿರಲಿಲ್ಲ.

ಅದೇ ಮಧ್ಯಾಹ್ನ ಸಾವಿತ್ರಮ್ಮನವರ ಫೋನಿಗೂ ಬೀಗ ಬಿತ್ತು. ಎಸ್‌ಟಿಡಿ ಬಂದ ಹೊಸದರಲ್ಲಿ ತಂದಿಟ್ಟಿದ್ದ ಮರದ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಹಿತ್ತಾಳೆ ಬೀಗ. ಕೀಲಿಕೈಯನ್ನು ಅವರು ತಾಳಿಯ ಪಿನ್ನಿಗೆ ಸಿಕ್ಕಿಸಿಕೊಂಡರು. ಈಗೆಲ್ಲ ಅವರವರ ಸಾಮಾನು ಅವರವರು ಭದ್ರ ಮಾಡ್ಕೊಳ್ಳೋ ಕಾಲ ಎಂದು ಬೀದಿಗೆ ಕೇಳುವಂತೆ ಯಜಮಾನರಿಗೆ ಹೇಳಿದರು.

ಬೀದಿ ಆಗಲೇ ತನ್ನ ಕೆಲಸ ಶುರುಮಾಡಿತ್ತು. ಬೀಗ ಹಾಕಿದ್ದಾನೆಂದರೆ ಒಳಗೆ ಏನೋ ಇರಬೇಕು. ಬಾಲರಾಜ್ ಬೀದಿಯ ಪ್ರತಿಯೊಂದು ಮನೆಯ ವಿಷಯವನ್ನೂ ಬರೆದಿಡುತ್ತಿದ್ದಾನೆ ಎಂಬುದು ಸಾವಿತ್ರಮ್ಮನವರ ಅನುಮಾನ. ತಮ್ಮ ಮೋರಿ ಅರ್ಜಿಯನ್ನು ಅವನು ತನ್ನ ಹೆಸರಿನಲ್ಲಿ ಕಳಿಸಿ ಕೀರ್ತಿ ಹೊಡೆದುಕೊಳ್ಳಲಿದ್ದಾನೆ ಎಂಬುದು ಭೂತಯ್ಯನವರದು. ಅವರು ಎರಡು ದಿನ ಅವನ ಜಗಲಿಯಲ್ಲಿ ಕಾಫಿ ಬೇಡವೆಂದರು. ಮೂರನೆಯ ದಿನ, ಬೇಡವೆಂದೇ ಹೇಳುತ್ತ ಕುಡಿದರು.

ಭಾನುವಾರ ಒಂದು ಗಂಟೆಗೆ ಬಾಲರಾಜ್ ಮಗಳ ಕೈ ಹಿಡಿದು ಸಾವಿತ್ರಮ್ಮನವರ ಮೆಟ್ಟಿಲ ಮೇಲೆ ನಿಂತ. ಒಳಗೆ ಬಾ ಎನ್ನುವವರಿರಲಿಲ್ಲ. ಒಂದೂ ಕಾಲಾಯಿತು, ಒಂದೂವರೆಯಾಯಿತು. ಆಮೇಲೆ ಸಾವಿತ್ರಮ್ಮನವರು ಹೊರಗೆ ಬಂದು, ಅರುಣಾಗೆ ಮಧ್ಯಾಹ್ನ ಕೆಲಸವಿದ್ದುದರಿಂದ ಫೋನು ಹನ್ನೆರಡಕ್ಕೇ ಬಂದಿತ್ತೆಂದು ಹೇಳಿದರು.

"ಕರೀಬಹುದಿತ್ತಲ್ಲ ಸಾವಿತ್ರಮ್ಮೋರೇ," ಎಂದ ಬಾಲರಾಜ್.

"ನಿಮ್ಮ ಖಾಸಗಿ ವಿಷಯದಲ್ಲಿ ನಾವ್ಯಾಕೆ ಕೈ ಹಾಕೋದು ಅಂತ ಸುಮ್ನಿದ್ದೆ," ಎಂದರು ಸಾವಿತ್ರಮ್ಮನವರು. ಆದರೆ ರೂಪಶ್ರೀಯ ಮುಖ ಕಂಡು ಅವರ ದನಿ ಇಳಿಯಿತು. ಅರುಣಾ ಕಾಗದವನ್ನು ಇನ್ನೂ ಕೊಟ್ಟಿಲ್ಲವಂತೆ, ಮುಂದಿನ ಭಾನುವಾರದವರೆಗೆ ಕಾಯ್ತಾಳಂತೆ ಎಂದು ಮಗುವಿಗೆ ಮಾತ್ರ ಹೇಳುವಂತೆ ಬಗ್ಗಿ ಹೇಳಿದರು.

ಮನೆಗೆ ಬಂದು ಬಾಲರಾಜ್ ಕಂಪ್ಯೂಟರಿನ ಮುಂದೆ ಕುಸಿದು ಕೂತ. ಪೆಟ್ಟಿಗೆ ಬಂದು ಗುಟ್ಟಿನ ಪದ ಕೇಳಿತು. ಅವನಿಗೆ ಅದನ್ನು ಹೊಡೆಯುವ ಚೈತನ್ಯವೂ ಇರಲಿಲ್ಲ.

"ಅಪ್ಪ, ಪದ ಬೇಡ," ಎಂದಳು ರೂಪಶ್ರೀ. "ಈ ಮೂಲೆ ಗುಂಡಿ ಒತ್ತಿದ್ರೆ ಅದೇ ಹೋಗುತ್ತೆ."

ಅವಳು ಎಡಗಡೆ ಮೂಲೆಯ ಗುಂಡಿಯನ್ನು ಕಿರುಬೆರಳಿನಿಂದ ಒತ್ತಿದಳು. ಪೆಟ್ಟಿಗೆ ಹೋಯಿತು. ಎಲ್ಲವೂ, ಪತ್ರವೂ ಇಸ್ಪೀಟೂ ಮೋರಿಯ ಅರ್ಜಿಯೂ, ಮೊದಲಿದ್ದಲ್ಲೇ ತೆರೆದುಕೊಂಡು ಕೂತಿದ್ದವು. ಹೀಗೆ ಬಾಲರಾಜ್ ಯಾರನ್ನೂ ತಡೆಯದ ಒಂದು ಬೀಗಕ್ಕಾಗಿ ಇಡೀ ಬೀದಿಯ ವಿರೋಧ ಕಟ್ಟಿಕೊಂಡಿದ್ದ.

ಪಾಸ್‌ವರ್ಡನ್ನು ಅವನು ಕಿತ್ತುಹಾಕಿದ. ಆದರೆ ಪತ್ರ? ಅದಕ್ಕೆ ಅವನು ಬೀಗವಿಲ್ಲದ ಉಪಾಯವೊಂದನ್ನು ತನ್ನ ಹದಿನಾರು ವರ್ಷದ ಅನುಭವದಿಂದಲೇ ತೆಗೆದ. ಎಸ್ಟೇಟ್ ಆಫೀಸಿನ ಕಪಾಟಿನಲ್ಲಿ 'ಬೋರರ್' ಎಂಬ ಹೆಸರಿನ ಫೈಲೊಂದಿತ್ತು. ಬೋರರ್ ಎಂದರೆ ಕಾಫಿ ಗಿಡದ ಕಾಂಡದೊಳಗೆ ಹೊಕ್ಕು, ಹೊರಗೆ ಏನೂ ಕಾಣದಂತೆ ಕೊರೆದು, ಗಿಡವನ್ನೇ ಒಣಗಿಸುವ ಹುಳ. ಆ ಫೈಲನ್ನು ಸಾಹುಕಾರರು ಮುಟ್ಟುತ್ತಿರಲಿಲ್ಲ, ಮ್ಯಾನೇಜರು ಮುಟ್ಟುತ್ತಿರಲಿಲ್ಲ. ಅದರ ಮೇಲೆ ಆರು ವರ್ಷದ ಧೂಳು ಕೂತಿತ್ತು. ಮನುಷ್ಯಮಾತ್ರದವರು ತೆರೆಯದ ಹೆಸರೊಂದು ಭೂಮಿಯ ಮೇಲಿದ್ದರೆ ಅದು ಇದೇ ಎಂದು ಬಾಲರಾಜ್ ತೀರ್ಮಾನಿಸಿದ. 'ಅರುಣಾಗೆ' ಎಂಬುದನ್ನು ಅಳಿಸಿ 'ಬೋರರ್' ಎಂದು ಹೊಡೆದ.

ಆ ಫೈಲನ್ನು ಎಸ್ಟೇಟಿನಲ್ಲಿ ಯಾರೂ ಮುಟ್ಟದಿದ್ದದ್ದು, ಅದರ ಕೆಲಸವನ್ನೆಲ್ಲ ರೈಟರ್ ಮಾಡಿಬಿಡುತ್ತಿದ್ದುದರಿಂದ. ರೈಟರ್ ಇಲ್ಲದ, ಎರಡು ಮೂರು ಎಕರೆಯ ಸಣ್ಣ ಬೆಳೆಗಾರರು ಆ ವರ್ಷ ನಿದ್ದೆಯಲ್ಲೂ ಬೋರರ್ ಎನ್ನುತ್ತಿದ್ದರು. ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಜನ ಮುಗಿಬಿದ್ದು ತೆರೆಯುವ ಒಂದೇ ಒಂದು ಹೆಸರಿದ್ದರೆ, ಬಾಲರಾಜ್ ಹುಡುಕಿ ಹುಡುಕಿ ಅದನ್ನೇ ಇಟ್ಟಿದ್ದ.

ಮಂಗಳವಾರ ಸಾವಿತ್ರಮ್ಮನವರು ಮುನಿಸನ್ನು ಅರ್ಧ ಇಳಿಸಿ, ಅವನು ಎಸ್ಟೇಟಿಗೆ ಹೋದ ಮೇಲೆ ಬಂದು ಇಸ್ಪೀಟಿಗೆ ಕೂತರು. ಬೀದಿಯ ಕೊನೆಯ ಮನೆಯ ದೇವರಾಜಗೌಡರು ರೈಟರನ್ನು ಹುಡುಕಿಕೊಂಡು ಬಂದವರು ಅವರ ಬೆನ್ನ ಹಿಂದೆ ನಿಂತರು. ಗೌಡರಿಗೆ ಮೂರು ಎಕರೆ ಅರೇಬಿಕಾ ಕಾಫಿ. ಆ ವರ್ಷ ಅದರಲ್ಲಿ ಇನ್ನೂರು ಗಿಡ ಕಿತ್ತು ಸುಟ್ಟಿದ್ದರು. ಪರದೆಯ ಮೇಲಿನ ಹೆಸರನ್ನು ಕಂಡದ್ದೇ ಅವರ ಕೈ ಸಾವಿತ್ರಮ್ಮನವರ ಕುರ್ಚಿಯನ್ನು ಬಿಗಿಯಾಗಿ ಹಿಡಿಯಿತು.

ಎಲ್ಲವೂ ಅವರಿಗೆ ಒಮ್ಮೆಗೇ ಹೊಳೆಯಿತು. ದೊಡ್ಡ ಎಸ್ಟೇಟಿನಲ್ಲಿ ಬೋರರಿಗೆ ಮದ್ದು ಸಿಕ್ಕಿದೆ. ರೈಟರು ಅದನ್ನು ಬರೆದಿಟ್ಟಿದ್ದಾರೆ. ಹೊರಗೆ ಹೇಳಬಾರದೆಂದು ಸಾಹುಕಾರರ ಅಪ್ಪಣೆಯಾಗಿದೆ, ಅದಕ್ಕೇ ಆ ಬೀಗ. ಸಾವಿತ್ರಮ್ಮನವರಿಗೂ ಇದು ಸರಿಯೆನಿಸಿತು. ತಮ್ಮನ್ನು ದೂರವಿಡಲು ಹಾಕಿದ ಬೀಗವಲ್ಲ ಅದು, ಕೆಲಸದ ನಿಷ್ಠೆಗೆ ಹಾಕಿದ್ದು ಎಂದು ತಿಳಿದು ಅವರ ಉಳಿದರ್ಧ ಮುನಿಸೂ ಇಳಿಯಿತು. ಗೌಡರು ಕದಿಯುವ ಜನವಲ್ಲ. ರೈಟರನ್ನು ಬೆಳೆಗಾರರ ಸಂಘದ ಸಭೆಗೆ ಕರೆದು, ಶಾಲು ಹೊದಿಸಿ, ಅವರ ಬರಹವನ್ನು ಅವರ ಮುಂದೆಯೇ ಓದಿಸಿಬಿಟ್ಟರೆ ಅವರಿಗೂ ಗೌರವ, ಬೆಳೆಗಾರರಿಗೂ ಬದುಕು. ಮುಂಚೆ ಹೇಳಿದರೆ ಸಾಹುಕಾರರಿಗೆ ಹೆದರಿ ಬೇಡ ಅಂತಾರೆ, ಹೇಳುವುದು ಬೇಡ ಎಂದು ಇಬ್ಬರೂ ಒಪ್ಪಿದರು.

ಫ್ಲಾಪಿಗೆ ಹಾಕಲು ರಾಜೇಶನನ್ನೇ ಕರೆಸಿದರು. ರಾಜೇಶ ಫೈಲನ್ನು ತೆರೆಯದೆಯೇ ಫ್ಲಾಪಿಗೆ ಇಳಿಸಿದ. ಗಿರಾಕಿಗಳ ಬರಹ ಓದುವ ಅಭ್ಯಾಸ ತನಗಿಲ್ಲ ಎಂದ. ಅಷ್ಟೂ ದಿನಗಳಲ್ಲಿ ಬಾಲರಾಜನ ಗುಟ್ಟನ್ನು ಮನಸಾರೆ ಗೌರವಿಸಿದವನು ಅವನೊಬ್ಬನೇ; ಅದನ್ನು ಮನೆಯಿಂದ ಹೊರಗೆ ಸಾಗಿಸಿದವನೂ ಅವನೇ.

ಗೌಡರು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕನ್ನಡಕವಿಲ್ಲದೆ ನಿಂತಿದ್ದರು. ಪ್ರಿಂಟು ತೆಗೆದ ಹುಡುಗಿ ಮೊದಲ ಪುಟ ಓದಿ, ಎರಡನೆಯ ಪುಟ ಓದಿ, ಸೆರಗಿನಿಂದ ಮೂಗು ಒರೆಸಿಕೊಂಡಳು. ಇದು ನಲವತ್ತು ಪ್ರತಿ ಬೇಕಾ ಸಾರ್ ಎಂದು ಎರಡು ಸಲ ಕೇಳಿದಳು.

"ಒಬ್ಬೊಬ್ಬ ಬೆಳೆಗಾರನ ಮನೇಲೂ ಒಂದು ಇರ್ಬೇಕು ತಾಯಿ," ಎಂದರು ಗೌಡರು.

ಬಾಲರಾಜನಿಗೆ ಸನ್ಮಾನದ ಸುದ್ದಿ ಶುಕ್ರವಾರ ತಲುಪಿತು. ಯಾಕೆಂದು ಗೌಡರು ಹೇಳಲಿಲ್ಲ, ಭಾನುವಾರ ಹತ್ತೂವರೆಗೆ ಬನ್ನಿ ರೈಟ್ರೇ ಎಂದಷ್ಟೇ ಹೇಳಿ ನಕ್ಕರು. ಯಾಕೆಂದು ಬಾಲರಾಜ್ ಕೇಳಲೂ ಇಲ್ಲ. ಹದಿನಾರು ವರ್ಷದ ಪ್ರಾಮಾಣಿಕ ಸೇವೆ ಎಂದಾದರೂ ಜನರ ಕಣ್ಣಿಗೆ ಬೀಳಲೇಬೇಕೆಂದು ಅವನಿಗೆ ಒಳಗೊಳಗೇ ಅನಿಸಿತ್ತು. ಶನಿವಾರ ತಾನೇ ಅಂಗಿ ಇಸ್ತ್ರಿ ಮಾಡಿದ. ಅರುಣಾ ಇದ್ದಿದ್ದರೆ ನೋಡುತ್ತಿದ್ದಳು ಎಂದುಕೊಂಡು, ಇಸ್ತ್ರಿ ಪೆಟ್ಟಿಗೆಯನ್ನು ಅಂಗಿಯ ಮೇಲೆಯೇ ಬಿಟ್ಟು ಸ್ವಲ್ಪ ಹೊತ್ತು ನಿಂತ. ಭಾನುವಾರ ಕೋಟು ಹಾಕಿಕೊಂಡು ಹೋಗಬೇಕಾಯಿತು.

ಸಭೆಯಲ್ಲಿ ಜನ ತುಂಬಿದ್ದರು. ಬಾಲರಾಜನಿಗೆ ವೇದಿಕೆಯ ಮೇಲೆ ಕುರ್ಚಿ, ರೂಪಶ್ರೀಗೆ ಮುಂದಿನ ಸಾಲಿನಲ್ಲಿ ಸಾವಿತ್ರಮ್ಮನವರ ಪಕ್ಕ. ಶಾಲು ಹೊದಿಸಿದರು. ಭೂತಯ್ಯನವರು ಹಾರ ಹಾಕಿದರು. ಚಿಕ್ಕಮಗಳೂರಿನಿಂದ ಬೆಳೆಗಾರರಿಗೆ ಸಲಹೆ ಕೊಡಲು ಬಂದಿದ್ದ ಪ್ರೇಮಕುಮಾರಿ ಮೇಡಂ ಬಸ್ಸಿಳಿದು ನೇರ ವೇದಿಕೆ ಹತ್ತಿದ್ದರು. ಗೌಡರು ಪ್ರತಿಗಳನ್ನು ಸಭೆಗೆ ಹಂಚಿಸಿ, ಒಂದನ್ನು ಅವರ ಕೈಗೆ ಕೊಟ್ಟು, ಬೋರರ್ ಬಗ್ಗೆ ನಮ್ಮ ರೈಟರು ಸ್ವಂತ ಅನುಭವದಿಂದ ಬರೆದದ್ದು, ಮೊದಲು ಇದನ್ನೇ ಓದಿಬಿಡಿ ಎಂದರು.

ಬೋರರ್ ಎಂಬ ಮಾತು ಕಿವಿಗೆ ಬಿದ್ದಾಗ ಬಾಲರಾಜ್ ಶಾಲಿನ ಅಂಚು ಸರಿಮಾಡಿಕೊಳ್ಳುತ್ತಿದ್ದ. ಅವನ ಕೈ ಅಲ್ಲೇ ನಿಂತಿತು.

ಪ್ರೇಮಕುಮಾರಿ ಮೇಡಂ ಮೈಕಿನಲ್ಲಿ ಸ್ಪಷ್ಟವಾಗಿ ಓದತೊಡಗಿದರು. "ಅರುಣಾ, ನಾನು ಹೇಳಿದ್ದೆಲ್ಲ ಸುಳ್ಳು. ಇಲ್ಲಿ ಯಾವುದೂ ಸರಿಯಾಗಿಲ್ಲ."

ಬೆಳೆಗಾರರು ತಲೆದೂಗಿದರು. ದೊಡ್ಡ ಎಸ್ಟೇಟಿನ ಕಥೆಯೂ ಇಷ್ಟೇ ಎಂದು ತಿಳಿದು ಕೆಲವರಿಗೆ ಸಮಾಧಾನವಾಯಿತು. ಹಿಂದಿನಿಂದ ಒಬ್ಬರು ಎದ್ದು, ಈ ಅರುಣಾ ಅನ್ನೋದು ಯಾವ ಕಾಫಿ ತಳಿ, ಕಾವೇರಿ ತಳಿ ಇದೆಯಲ್ಲ ಆ ಥರದ್ದಾ ಎಂದು ಕೇಳಿದರು. ಹೊಸದಿರ್ಬೇಕು ಬರ್ಕೊ ಮಾರಾಯ ಎಂದು ಪಕ್ಕದವರು ಕೂರಿಸಿದರು.

"ಕಳಸದಲ್ಲಿ ನೀನು ಹೊಂದಿಕೊಂಡಿದ್ದೀಯ ಎಂದು ಕೇಳಿದೆ," ಎಂದು ಓದಿದರು ಮೇಡಂ. ಅರುಣಾ ಕಳಸದ ಕಡೆ ಚೆನ್ನಾಗಿ ಬರುತ್ತದೆ ಎಂದು ನಾಲ್ಕೈದು ಜನ ಬರೆದುಕೊಂಡರು.

ಬಾಲರಾಜ್ ಎದ್ದು ನಿಂತ. ವಿನಯದಿಂದ ಎದ್ದಿದ್ದಾನೆಂದು ತಿಳಿದ ಭೂತಯ್ಯನವರು ಹೆಗಲು ಹಿಡಿದು ಕೂರಿಸಿದರು. ಅವನು ಮತ್ತೆ ಎದ್ದ. ಅವರು ಮತ್ತೆ ಕೂರಿಸಿದರು. ಮೇಡಂ ಓದುತ್ತಲೇ ಇದ್ದರು.

"ರೂಪಾಳ ಜಡೆ ನನಗೆ ಇನ್ನೂ ಬರುವುದಿಲ್ಲ. ಶಾಲೆಯ ಗೇಟಿನ ಹತ್ತಿರ ಅವಳು ಅದನ್ನು ಬಿಚ್ಚಿ ತಾನೇ ಹಾಕಿಕೊಳ್ಳುತ್ತಾಳೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ನಿನ್ನ ನೀಲಿ ಸ್ವೆಟರನ್ನು ಒಗೆಯಲು ಹಾಕಿಲ್ಲ. ಒಗೆದರೆ ಅದರಲ್ಲಿನ ಆಸ್ಪತ್ರೆಯ ವಾಸನೆ ಹೋಗುತ್ತದೆ. ಮೊದಲೆಲ್ಲ ಆ ವಾಸನೆಗೆ ನಾನು ಮೂಗು ಮುಚ್ಚುತ್ತಿದ್ದೆ."

ಬರೆದುಕೊಳ್ಳುತ್ತಿದ್ದವರ ಪೆನ್ನುಗಳು ಒಂದೊಂದಾಗಿ ನಿಂತವು. ಇದು ತಳಿಯಲ್ಲವೆಂದು ಸಭೆಗೆ ತಿಳಿಯಿತು. ಆದರೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಮೇಡಂ ದನಿ ಸಣ್ಣದಾಯಿತು. ಸಣ್ಣದಾದರೂ ಮೈಕು ಅದನ್ನು ಕೊನೆಯ ಸಾಲಿನವರೆಗೆ ಮುಟ್ಟಿಸುತ್ತಿತ್ತು.

"ಅವತ್ತು ನೀನು ಏನಂತ ಬರೀಲಿ ಎಂದು ಕೇಳಿದಾಗ ನಾನು..." ಎಂದು ಓದಿ ಅವರು ನಿಂತರು. ಪುಟದ ಕೊನೆಯ ಸಾಲು ಝೆರಾಕ್ಸಿನಲ್ಲಿ ಬಿದ್ದಿರಲಿಲ್ಲ. ಸಭೆಯಲ್ಲಿ ನಲವತ್ತು ಕಾಗದಗಳು ಸರಬರ ತಿರುಗಿದವು, ಯಾರದರಲ್ಲೂ ಇರಲಿಲ್ಲ.

ಮುಂದಿನ ಸಾಲಿನಿಂದ ರೂಪಶ್ರೀ, ತರಗತಿಯಲ್ಲಿ ಪದ್ಯ ಒಪ್ಪಿಸುವವಳಂತೆ ನೆಟ್ಟಗೆ ನಿಂತು, ಅದನ್ನು ಪೂರ್ತಿ ಮಾಡಿದಳು. "ನಾನು ಬಾ ಎನ್ನಲು ಬಾಯಿ ತೆಗೆದೆ. ಸಾವಿತ್ರಮ್ಮನವರು ಟಿವಿ ಸಣ್ಣ ಮಾಡಿದರು."

ಬಾಲರಾಜ್ ಮಗಳನ್ನು ನೋಡಿದ. ಅವಳು ಎಷ್ಟು ಸಲ ಓದಿದ್ದರೆ ಬಾಯಿಗೆ ಬಂದಿರಬೇಕೆಂದು ಲೆಕ್ಕ ಹಾಕಲು ಹೋಗಿ, ಆಗದೆ, ಶಾಲಿನಿಂದ ಮುಖ ಒರೆಸಿಕೊಂಡ.

"ನಾನು ಸಣ್ಣ ಮಾಡಿದ್ದು ಅವಳ ಮಾತು ನಿಂಗೆ ಕೇಳ್ಲಿ ಅಂತ ಕಣೋ," ಎಂದರು ಸಾವಿತ್ರಮ್ಮನವರು, ತುಂಬಿದ ಸಭೆಯಲ್ಲಿ. ಅವನು ಮತ್ತೆ 'ಕಣೋ' ಆಗಿದ್ದ.

ಆಮೇಲೆ ಬಾಲರಾಜ್ ವೇದಿಕೆಯಿಂದ ಇಳಿದು ಪ್ರತಿಗಳನ್ನು ವಾಪಸ್ ಸೇರಿಸಲು ಸಾಲು ಸಾಲಾಗಿ ಓಡಾಡಿದ. ನಲವತ್ತರಲ್ಲಿ ಅವನಿಗೆ ಸಿಕ್ಕಿದ್ದು ಹನ್ನೊಂದು. ಮಿಕ್ಕವರು ಎಲ್ಲೋ ಬಿತ್ತು ಎಂದರು, ಮಡಚಿದ ಕಾಗದ ಜೇಬಿನಿಂದ ಇಣುಕುತ್ತಿರುವಾಗಲೇ. ಮನೆಯಿಂದ ದೂರ ನಾಲ್ಕು ವರ್ಷ ಕೆಲಸ ಮಾಡಿದ್ದ ಪ್ರೇಮಕುಮಾರಿ ಮೇಡಂ ತಮ್ಮ ಪ್ರತಿಯನ್ನು ಕೊಡುವುದಿಲ್ಲವೆಂದು ನೇರವಾಗಿಯೇ ಹೇಳಿ ಕೈಚೀಲಕ್ಕೆ ಹಾಕಿಕೊಂಡರು. ದೇವರಾಜಗೌಡರು ಮಾತ್ರ ಬಹಳ ಹೊತ್ತು ಕ್ಷಮೆ ಕೇಳಿದರು. ಕ್ಷಮೆಯ ಕೊನೆಯಲ್ಲಿ, ಹಾಗಾದ್ರೆ ಬೋರರಿಗೆ ಮದ್ದು ಸಿಕ್ಕೇ ಇಲ್ವಾ ರೈಟ್ರೇ ಎಂದು ತಡೆಯಲಾರದೆ ಕೇಳಿಯೂಬಿಟ್ಟರು.

ಅರುಣಾಳ ವರ್ಗದ ಕಾಗದ ಹೋಗುವುದು ನಾಳೆ ಎಂಬುದನ್ನು ಎಲ್ಲರಿಗೂ ನೆನಪಿಸಿದವರು ಸಾವಿತ್ರಮ್ಮನವರು. ಹೀಗೆ ಮೂಡಿಗೆರೆಯ ಬೆಳೆಗಾರರ ಸಭೆಯಲ್ಲಿ ಅರ್ಧದಷ್ಟು ಜನ, ಹಾರ ಹಾಕಿಕೊಂಡಿದ್ದ ಬಾಲರಾಜನನ್ನು ಮುಂದಿಟ್ಟುಕೊಂಡು, ಮೆರವಣಿಗೆಯಲ್ಲಿ ಸಾವಿತ್ರಮ್ಮನವರ ಮನೆಗೆ ಬಂದರು. ಸಾವಿತ್ರಮ್ಮನವರು ತಾಳಿಯ ಪಿನ್ನಿನಿಂದ ಕೀಲಿಕೈ ತೆಗೆದು ಫೋನಿನ ಪೆಟ್ಟಿಗೆ ಬಿಚ್ಚಿದರು. ಟಿವಿಯನ್ನು ಈ ಸಲ ಪೂರ್ತಿ ದೊಡ್ಡದು ಮಾಡಿದರು, ಅದರಿಂದ ಏನೂ ಕೇಳಿಸದೆಂದು ಮತ್ತೆ ಆರಿಸಿದರು. ಕೊನೆಗೆ ಭೂತಯ್ಯನವರು ಒಂದು ದಾರಿ ಹುಡುಕಿದರು. ಅವರ ಮಾತಿನಂತೆ ಹಾಲಿನಲ್ಲಿದ್ದ ಹದಿನಾಲ್ಕು ಜನರೂ ಗೋಡೆಯ ಕಡೆ ಮುಖ ಮಾಡಿ ನಿಂತರು.

"ನಾವ್ಯಾರೂ ಕೇಳ್ತಾ ಇಲ್ಲ," ಎಂದರು ಭೂತಯ್ಯನವರು ಗೋಡೆಗೆ. "ನೀನು ಮಾತಾಡು ಮಾರಾಯ."

ಬಾಲರಾಜ್ ನಂಬರು ಒತ್ತಿದ. ಕಳಸದ ಆಸ್ಪತ್ರೆಯಲ್ಲಿ ಯಾರೋ ಎತ್ತಿದರು, ಯಾರನ್ನೋ ಕೂಗಿದರು. ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು ಹತ್ತಿರ ಬರುವುದು ಅವನಿಗೆ ಕೇಳಿಸಿತು. ಅದು ಅರುಣಾಳ ನಡಿಗೆಯೇ. ಅವನು ಕಣ್ಣು ಮುಚ್ಚಿಕೊಂಡ.

"ಹಲೋ. ಈ ಹೊತ್ತಲ್ಲಿ ನೀವೇ ಮಾಡಿದ್ರಾ?" ಎಂದಳು ಅರುಣಾ. "ಏನಾದ್ರೂ ಆಯ್ತಾ?"

ಹದಿನಾಲ್ಕು ಬೆನ್ನುಗಳು ಉಸಿರು ಹಿಡಿದವು.

"ಏನೂ ಇಲ್ಲ," ಎಂದ ಬಾಲರಾಜ್. "ಎಲ್ಲಾ ಚೆನ್ನಾಗಿದೆ."

ಬೆನ್ನುಗಳು ಕುಸಿದವು. ದೇವರಾಜಗೌಡರು ಹಣೆಯನ್ನು ಗೋಡೆಗೆ ಒರಗಿಸಿದರು. ಆ ಕಡೆಯಿಂದ ಅರುಣಾ, ಕಾಗದ ಮುಂದೆಯೇ ಇದೆ, ಪೆನ್ನೂ ಕೈಯಲ್ಲಿದೆ, ಹಾಗಾದರೆ ಇಲ್ಲೇ ಇರುತ್ತೇನೆಂದು ಬರೆದುಬಿಡುತ್ತೇನೆ, ಸಂಜೆಯೊಳಗೆ ದೊಡ್ಡ ಡಾಕ್ಟರಿಗೆ ಕೊಡಬೇಕು ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಬಾಲರಾಜನಿಗೆ ಏನಾದರೂ ಹೇಳಲು ಆಗುತ್ತಿತ್ತೋ ಏನೋ.

ರೂಪಶ್ರೀ ಕುರ್ಚಿಯ ಮೇಲೆ ಹತ್ತಿ ಅಪ್ಪನ ಕೈಯಿಂದ ರಿಸೀವರನ್ನು ಮೆಲ್ಲಗೆ ಬಿಡಿಸಿಕೊಂಡಳು. ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡಳು. ಗೋಡೆಯ ಕಡೆ ನಿಂತಿದ್ದವರಲ್ಲಿ ಯಾರೂ ತಿರುಗಿ ನೋಡಲಿಲ್ಲ.

"ಅಮ್ಮ," ಎಂದಳು. "ನಾವು ಬಾ ಅಂತ ಹೇಳ್ಲಿಲ್ಲ ಅಂತ ನೀನು ಬರ್ತಾ ಇಲ್ವಾ?"